2⁶⁷ − 1ರ ಜಾತಕ ಬಿಡಿಸಲು ಯಾವುದು ಒಳ್ಳೆಯದು: ಎಕ್ಸೆಲ್, ಪೈಥಾನ್, ಫ್ಯಾಕ್ಟರ್, ಪಾರಿ/ಜಿಪಿ

ದೊಡ್ಡ ಪೂರ್ಣಾಂಕದ ಗುಣಲಕ್ಷಣ ನೋಡಬೇಕೆಂದರೆ ನಾನು ಮೊದಲು ತೆರೆಯುವುದು ಪಾರಿ/ಜಿಪಿ ಎಂಬ ಸಂಖ್ಯಾ ಸಿದ್ಧಾಂತದ ಲೆಕ್ಕದ ತಂತ್ರಾಂಶ. ಉಳಿದ ಮೂರಕ್ಕೂ ಅದೇ ಸಂಖ್ಯೆಯನ್ನು ಕೊಟ್ಟು ನೋಡಿದ ಮೇಲೂ ಆ ಅಭ್ಯಾಸ ಬದಲಾಗಿಲ್ಲ.

ಸಂಖ್ಯೆ 147573952589676412927, ಅಂದರೆ 2⁶⁷ − 1. ಗಣಿತಜ್ಞ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. ಅಲ್ಲವೆಂದು ಲೂಕಾ 1876ರಲ್ಲಿ ಸಾಧಿಸಿದರು, ಅಪವರ್ತನಗಳನ್ನು ಕೋಲ್ 1903ರಲ್ಲಿ ಕೊಟ್ಟರು: 193707721 ಮತ್ತು 761838257287.

ಎಕ್ಸೆಲ್ 15 ಅಂಕಿ ಉಳಿಸಿಕೊಂಡು ಮಿಕ್ಕ ಆರನ್ನೂ ಸೊನ್ನೆ ಮಾಡುತ್ತದೆ. ಬೆಸ ಸಂಖ್ಯೆ ಟೈಪ್ ಮಾಡಿದ ಕ್ಷಣವೇ ಸಮವಾಗುತ್ತದೆ. ಈ ಕೆಲಸಕ್ಕೆ ಬೇಡ.

ಪೈಥಾನ್ ಒಂದು ಅಂಕಿಯನ್ನೂ ಕಳೆಯುವುದಿಲ್ಲ. ಆದರೆ 2^67-1 ಎಂದು ಬರೆದರೆ ಉತ್ತರ 64, ಏಕೆಂದರೆ ಅಲ್ಲಿ ಆ ಚಿಹ್ನೆ ಘಾತವಲ್ಲ, ಬಿಟ್‌ಗಳ ಮೇಲಿನ ಕ್ರಿಯೆ. 2**67-1 ಎಂದೇ ಬರೆಯಬೇಕು.

ನಿಜವಾದ ತೊಡಕು ಅದಲ್ಲ. ಅವಿಭಾಜ್ಯವೇ ಎಂದು ನೋಡಲು ಬಹಳ ಜನ ಫರ್ಮಾ ಪರೀಕ್ಷೆಯ ಒಂದು ಸಾಲು ಬರೆದು ಮುಗಿಸುತ್ತಾರೆ: 2ನ್ನು n−1ನೇ ಘಾತಕ್ಕೇರಿಸಿ n‌ನಿಂದ ಭಾಗಿಸಿದಾಗ ಶೇಷ 1 ಬಂದರೆ ಅವಿಭಾಜ್ಯ ಅಂತ. ಇಲ್ಲಿ ಶೇಷ 1 ಬರುತ್ತದೆ, ತೀರ್ಮಾನ ಮಾತ್ರ ತಪ್ಪು. ಕಾರಣ ಸರಳ. n ಎಂದರೆ 2⁶⁷ − 1, ಹಾಗಾಗಿ 2⁶⁷ನ್ನು n‌ನಿಂದ ಭಾಗಿಸಿದರೆ ಉಳಿಯುವುದು 1. 67 ಅವಿಭಾಜ್ಯವಾದ್ದರಿಂದ n−1, ಅಂದರೆ 2⁶⁷ − 2, 67ರಿಂದ ಪೂರ್ತಿ ಭಾಗವಾಗುತ್ತದೆ. ಹಾಗಾಗಿ ಶೇಷ 1 ಬರಲೇಬೇಕು, n ಸಂಯುಕ್ತವಾದರೂ ಸರಿ. ಘಾತಾಂಕ ಅವಿಭಾಜ್ಯವಾದ ಎಲ್ಲ ಮರ್ಸೆನ್ ಸಂಖ್ಯೆಗಳಿಗೂ (2ರ ಘಾತದಿಂದ 1 ಕಳೆದವು) ಇದೇ ಕಥೆ. 2ರ ಬದಲು 3 ಹಾಕಿ, ಗುಟ್ಟು ಬಯಲಾಗುತ್ತದೆ.

ಅಪವರ್ತನಕ್ಕೂ ನೀವೇ ಲೂಪ್ ಬರೆಯುವುದಾದರೆ ಬೆಸ ಸಂಖ್ಯೆಗಳನ್ನೆಲ್ಲ ಹಾಕಬೇಡಿ. ಹಾಗೆ ಹೋದರೆ ಮೊದಲ ಅಪವರ್ತನ ಸಿಗಲು ಸುಮಾರು 9.7 ಕೋಟಿ ಭಾಗಾಕಾರ ಬೇಕು. ಇದರ ಅವಿಭಾಜ್ಯ ಅಪವರ್ತನಗಳೆಲ್ಲ 134k + 1 ರೂಪದಲ್ಲೇ ಇರುತ್ತವೆ. ಅವನ್ನಷ್ಟೇ ನೋಡಿದರೆ 14,45,580ನೇ ಹೆಜ್ಜೆಗೆ ಸಿಗುತ್ತದೆ, ಕೆಲಸ 67ರಲ್ಲೊಂದು ಪಾಲು.

ಲಿನಕ್ಸ್‌ನ ಫ್ಯಾಕ್ಟರ್ ಆದೇಶ ಎರಡೂ ಅಪವರ್ತನಗಳನ್ನು ಥಟ್ಟನೆ ಕೊಡುತ್ತದೆ. ಅಷ್ಟೇ ಕೊಡುತ್ತದೆ.

ಪಾರಿ/ಜಿಪಿಯಲ್ಲಿ 2^67-1 ಎಂದರೆ 2^67-1. ‘ಐಸ್‌ಪ್ರೈಮ್’ 0 ಕೊಡುತ್ತದೆ, ಅಂದರೆ ಅವಿಭಾಜ್ಯವಲ್ಲ. ‘ನಮ್‌ಡಿವ್’ 4 ಭಾಜಕ ಎನ್ನುತ್ತದೆ. ‘ಸಿಗ್ಮಾ’ ಕೊಡುವ ಭಾಜಕಗಳ ಮೊತ್ತ 147573953351708377936. ಅದರಿಂದ n ಕಳೆದರೆ ಉಳಿಯುವುದು 762031965009 ಮಾತ್ರ, n‌ಗಿಂತ ಎಷ್ಟೋ ಕಡಿಮೆ. ಆದ್ದರಿಂದ ಇದು ನ್ಯೂನ ಸಂಖ್ಯೆ. ಯಾವ ಅವಿಭಾಜ್ಯದ ವರ್ಗವೂ ಇದನ್ನು ಭಾಗಿಸುವುದಿಲ್ಲ ಎಂಬುದನ್ನು ‘ಐಸ್‌ಸ್ಕ್ವೇರ್‌ಫ್ರೀ’ ಹೇಳುತ್ತದೆ. ಒಂದೊಂದಕ್ಕೂ ಒಂದೇ ಪದ, ಲೂಪ್ ಬರೆಯುವ ಹಂಗಿಲ್ಲ.

ಹಣದ ಮಾತು ಬಂದರೆ ಪಾರಿ, ಪೈಥಾನ್, ಫ್ಯಾಕ್ಟರ್ ಮೂರೂ ಉಚಿತ. ಅಪವರ್ತನ ಮಾತ್ರ ಸಾಕೆನ್ನುವವರು ಫ್ಯಾಕ್ಟರ್ ಇಟ್ಟುಕೊಳ್ಳಲಿ. ಪೈಥಾನ್ ಕೈಗೆ ಒಗ್ಗಿದವರು ಅದರ ಗಣಿತದ ಲೈಬ್ರರಿ ಸಿಂಪೈ ಹಾಕಿಕೊಳ್ಳಲಿ, ಫರ್ಮಾದ ಒಂಟಿ ಸಾಲನ್ನು ನೆಚ್ಚುವುದು ಬೇಡ. ನನಗೆ ಭಾಜಕಗಳ ಮೊತ್ತವೂ ದಿನಾ ಬೇಕು, ಹಾಗಾಗಿ ಪಾರಿ. ಆಂಡ್ರಾಯ್ಡ್ ಫೋನಿಗೂ ಪಾರಿಡ್ರಾಯ್ಡ್ ಎಂಬ ರೂಪವಿದೆ. ನೂರಾರು ಅಂಕಿಯ ಲೆಕ್ಕದಲ್ಲಿ ಸ್ಟ್ಯಾಕ್ (ಪಾರಿ ಲೆಕ್ಕಕ್ಕೆ ಬಳಸುವ ಮೆಮೊರಿ) ತುಂಬಿತೆಂದು ನಿಂತರೆ ‘ಅಲೊಕೇಟ್‌ಮೆಮ್’ ಕೊಟ್ಟು ಜಾಗ ಹೆಚ್ಚಿಸಿ, ಅದೇ ಆದೇಶವನ್ನು ಮತ್ತೆ ಓಡಿಸಿ.