ರೈಜನ್ 5 7600 ಮತ್ತು ಬಿ650 ಬೋರ್ಡ್: ಕಾಸರಗೋಡಿನ ಗೇಮರ್ ಯಾವಾಗ ಕೊಳ್ಳಬೇಕು, ಯಾವಾಗ ಬೇಡ

ಬಿ450 ಮದರ್‌ಬೋರ್ಡು, ಅದರಲ್ಲಿ ಎಎಂಡಿಯ ರೈಜನ್ 5 2600 ಅಥವಾ 3600 ಪ್ರೊಸೆಸರ್, 16 ಜಿಬಿ ಡಿಡಿಆರ್4 ಮೆಮೊರಿ. ಇಂಥ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೂ ಆಟ ತಡವರಿಸುತ್ತಿದ್ದರೆ ಅಂಗಡಿಯವರು ತೋರಿಸುವ ಮೊದಲ ಜೋಡಿ ರೈಜನ್ 5 7600 ಮತ್ತು ಬಿ650. ಜೋಡಿ ನಿಜಕ್ಕೂ ಒಳ್ಳೆಯದು. ಆದರೆ ಬಿ450ಯಂಥ ಹಳೆಯ ಎಎಂ4 ಬೋರ್ಡ್ (ಎಎಂಡಿಯ ಹಿಂದಿನ ಪ್ರೊಸೆಸರ್ ಸಾಕೆಟ್ಟಿನದು) ಗಟ್ಟಿಮುಟ್ಟಾಗಿ ಇದ್ದವರಿಗೆ ಇದು ಎರಡನೆಯ ಆಯ್ಕೆಯೇ ಹೊರತು ಮೊದಲನೆಯದಲ್ಲ.

ದುಡ್ಡು ಬಿಚ್ಚುವ ಮೊದಲು ಅಳತೆ ಆಗಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿ, ಆಟ ನಡೆಯುವಾಗ ಗ್ರಾಫಿಕ್ಸ್ ಕಾರ್ಡಿನ ಬಳಕೆ ನೋಡಿ. ಅದು 95 ಶೇಕಡಕ್ಕಿಂತ ಮೇಲೆಯೇ ನಿಂತಿದ್ದರೆ ಪ್ರೊಸೆಸರ್ ಬದಲಿಸಿ ಹೆಚ್ಚೇನೂ ಸಿಗುವುದಿಲ್ಲ. 60–70ಕ್ಕೆ ಇಳಿದು, ರೆಸಲ್ಯೂಷನ್ ತಗ್ಗಿಸಿದರೂ ಫ್ರೇಮ್ ಏರದಿದ್ದರೆ (ಫ್ರೇಮ್ ಮಿತಿ ಮತ್ತು ಫ್ರೇಮನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಆಫ್ ಇರಬೇಕು) ತಡೆ ಪ್ರೊಸೆಸರಿನದೇ. ಒಟ್ಟು ಪ್ರೊಸೆಸರ್ ಬಳಕೆ ಬರೀ 40 ಶೇಕಡ ತೋರಿಸಿತೆಂದು ಮೋಸಹೋಗಬೇಡಿ; ಒಂದೇ ಕೋರ್ ತುಂಬಿಹೋದರೂ ಆಟದ ವೇಗ ಅಲ್ಲಿಗೇ ನಿಲ್ಲುತ್ತದೆ.

ತಡೆ ಪ್ರೊಸೆಸರಿನದೇ ಎಂದಾದರೆ ಮೊದಲು ಹುಡುಕಬೇಕಾದ್ದು ಅದೇ ಬೋರ್ಡಿಗೆ ಕೂರುವ 5700ಎಕ್ಸ್3ಡಿ. 8 ಕೋರ್, 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ). 3600ರಲ್ಲಿ ಇರುವುದು 32 ಎಂಬಿ. ಆಟಗಳಲ್ಲಿ ಈ ಕ್ಯಾಶೇ ಕೆಲಸ ಮಾಡುವುದು. ಈಗ ಹೊಸ ಸ್ಟಾಕ್ ಸಿಗುವುದು ಕಷ್ಟ. ಸಿಗದಿದ್ದರೆ 5700ಎಕ್ಸ್ ಅಥವಾ 5600 ಕೂಡ 2600ರಿಂದ ದೊಡ್ಡ ಜಿಗಿತ. ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸಿನ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಿಕೊಳ್ಳಬೇಕು. ಆಮೇಲೆ ನೆನಪಾದರೆ ಪರದೆ ಕಪ್ಪಾಗಿಯೇ ಇರುತ್ತದೆ, ಮತ್ತೆ ಎಲ್ಲ ಬಿಚ್ಚಬೇಕು.

ಎಎಂ5 (7600 ಮತ್ತು ಬಿ650ರ ಹೊಸ ಸಾಕೆಟ್) ಕಡೆ ಹೋಗಲು ಸರಿಯಾದ ಕಾರಣ ಮುಂದಿನ ದಾರಿ. 7600ರಲ್ಲಿ 6 ಕೋರ್, 12 ಥ್ರೆಡ್, 5.1 ಗಿಗಾಹರ್ಟ್ಸ್ ಬೂಸ್ಟ್, ಟಿಡಿಪಿ (ಕೂಲರ್ ಹೊರಹಾಕಬೇಕಾದ ಶಾಖದ ಅಳತೆ) 65 ವ್ಯಾಟ್, ಡಬ್ಬದಲ್ಲೇ ಕೂಲರ್. ನಾಳೆ ಇದೇ ಬೋರ್ಡಿಗೆ 7800ಎಕ್ಸ್3ಡಿ ಹಾಕಬಹುದು. ಈ ಸಾಕೆಟ್ಟಿಗೆ ಕನಿಷ್ಠ 2027ರ ತನಕ ಬೆಂಬಲ ಉಂಟೆಂದು ಎಎಂಡಿ ಹೇಳಿದೆ. ಖರ್ಚು ಮಾತ್ರ ಮೂರು ಸಾಮಾನಿನದು: ಪ್ರೊಸೆಸರ್, ಬೋರ್ಡ್, ಡಿಡಿಆರ್5. 2025ರ ಕೊನೆಗೆ ಮೆಮೊರಿ ಬೆಲೆ ಜಿಗಿದ ಮೇಲೆ ಬಿಲ್ಲಿನಲ್ಲಿ ಅದರ ಪಾಲೇ ಭಾರ.

ಬೋರ್ಡ್ ಆರಿಸುವಾಗ ಬೆಳಕಿನ ಪಟ್ಟಿಗೆ ಹಣ ಹಾಕಬೇಡಿ. ಪ್ರೊಸೆಸರಿಗೆ ವಿದ್ಯುತ್ ಹದಗೊಳಿಸಿ ಕೊಡುವ ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇರಲಿ, ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್ ಬಟನ್ ಇರಲಿ. ಮೆಮೊರಿ 16 ಜಿಬಿಯ ಎರಡು ಕಡ್ಡಿ, 6000 ವೇಗ, ಸಿಎಲ್30 (ವಿಳಂಬದ ಅಳತೆ), ಎಕ್ಸ್‌ಪೋ (ಮೆಮೊರಿಯನ್ನು ಅದರ ಪೂರ್ಣ ವೇಗಕ್ಕೆ ಏರಿಸುವ ಸೆಟ್ಟಿಂಗ್) ಇರುವಂಥದ್ದು. ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ. ನಾಲ್ಕು ಕಡ್ಡಿ ತುಂಬಿಸಿದರೆ ಎಎಂಡಿ ಖಾತರಿ ಕೊಡುವ ಮೆಮೊರಿ ವೇಗ 3600 ಎಂಟಿ/ಸೆ ಮಾತ್ರ. ಹಳೆಯ ಡಿಡಿಆರ್4 ಇದಕ್ಕೆ ಕೂರುವುದೇ ಇಲ್ಲ.

ಎಎಂ5ರಲ್ಲಿ ಪಿನ್ನುಗಳು ಬೋರ್ಡಿನಲ್ಲಿವೆ, 1718. ಮಂಗಳೂರಿನಿಂದ ತರುವುದಾದರೆ ಅಂಗಡಿಯಲ್ಲೇ ಬೆಳಕಿಗೆ ಹಿಡಿದು ಸಾಕೆಟ್ ನೋಡಿ. ಪಿನ್ ಬಾಗಿದ ಬೋರ್ಡಿಗೆ ವಾರಂಟಿ ಸಿಗುವುದು ದುರ್ಲಭ. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬಾರದು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಪ್ರೊಸೆಸರನ್ನೇ ಕೇಳಿ. ಅಗ್ಗಕ್ಕೆ ಸಿಗುವ ಟ್ರೇ (ಡಬ್ಬವಿಲ್ಲದ) ಪ್ರೊಸೆಸರಿಗೆ ಅಂಗಡಿಯವನ ಮಾತೇ ವಾರಂಟಿ. ಜೋಡಿಸಿದ ಕಂಪ್ಯೂಟರನ್ನು ಹೆದ್ದಾರಿಯಲ್ಲಿ ತರುವಾಗ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆಯೇ ಇಡಿ. ಸ್ಪೀಡ್ ಬ್ರೇಕರಿನ ಒಂದು ಹೊಡೆತಕ್ಕೆ ಸ್ಲಾಟ್ ಕೀಳಬಹುದು.

ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿರುತ್ತದೆ, ಡಿರ‍್ಯಾಮ್ ದೀಪ ಉರಿಯುತ್ತಿರುತ್ತದೆ. ಅದು ಮೆಮೊರಿ ಟ್ರೈನಿಂಗ್, ಎಂದರೆ ಬೋರ್ಡ್ ಹೊಸ ಮೆಮೊರಿಗೆ ಹೊಂದಿಕೊಳ್ಳುವ ಕೆಲಸ. ಕೆಟ್ಟಿತೆಂದು ಸ್ವಿಚ್ ಒತ್ತಬೇಡಿ. ಆಮೇಲೆ ಬಯೋಸಿನಲ್ಲಿ ಎಕ್ಸ್‌ಪೋ ಆನ್ ಮಾಡಿ. ಮಾಡದಿದ್ದರೆ 6000ದ ಕಡ್ಡಿ ಸಾಮಾನ್ಯವಾಗಿ 4800ರಲ್ಲೇ ಓಡುತ್ತದೆ. ಬಯೋಸ್ ಇತ್ತೀಚಿನದೇ ಇರಲಿ. 2023ರಲ್ಲಿ ಕೆಲವು ಎಎಂ5 ಪ್ರೊಸೆಸರುಗಳು ಸುಟ್ಟ ಮೇಲೆ ಎಸ್‌ಒಸಿ ವೋಲ್ಟೇಜಿಗೆ (ಪ್ರೊಸೆಸರಿನ ಮೆಮೊರಿ ನಿಯಂತ್ರಕದಂಥ ಭಾಗಗಳಿಗೆ ಹೋಗುವುದು) 1.3 ವೋಲ್ಟಿನ ಮಿತಿ ಬಂದದ್ದು ಬಯೋಸ್ ಅಪ್‌ಡೇಟಿನಲ್ಲಿ.

ನಮ್ಮ ಕರಾವಳಿಯ ಸೆಕೆಗೂ ತೇವಕ್ಕೂ ಲೆಕ್ಕ ಬೇರೆ ಇಡಬೇಕು. ಏಪ್ರಿಲ್‌ನಲ್ಲಿ ಡಬ್ಬದ ಕೂಲರ್ ಕೆಲಸ ನಡೆಸುತ್ತದೆ, ಆದರೆ ಗದ್ದಲ ಹೆಚ್ಚು. ಸಾಧಾರಣ ಟವರ್ ಕೂಲರ್ ಹಾಕಿದರೆ ಸುಖ. ಹಳೆಯ ಎಎಂ4 ಕೂಲರ್ ಇದ್ದರೆ ಅದು ಬೋರ್ಡಿನ ಹಿಂಬದಿಯ ಮೂಲ ತಟ್ಟೆಯನ್ನೇ (ಬ್ಯಾಕ್‌ಪ್ಲೇಟ್) ಬಳಸುವಂಥದ್ದೋ ನೋಡಿ. ಬ್ಯಾಕ್‌ಪ್ಲೇಟ್ ತೆಗೆಯಬೇಕಾದ ಕೂಲರ್ ಎಎಂ5ಗೆ ಕೂರದು. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡದೆ ದಿನಕ್ಕೊಮ್ಮೆ ಓಡಿಸಿ, ಬಿಸಿಗೆ ತೇವ ಆರುತ್ತದೆ. ಬಯೋಸ್ ಅಪ್‌ಡೇಟ್ ಯುಪಿಎಸ್ ಇಲ್ಲದೆ ಬೇಡವೇ ಬೇಡ. ತುಲಾಮಾಸದ ಸಿಡಿಲಿಗೆ ಪ್ಲಗ್ ಜೊತೆ ಲ್ಯಾನ್ ತಂತಿಯನ್ನೂ ಕೀಳಬೇಕು.

ಬೋರ್ಡ್ ಬದಲಿಸುವ ಮುನ್ನ ವಿಂಡೋಸ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ, ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಕೀ ಬರೆದಿಟ್ಟುಕೊಳ್ಳಿ. ಹಳೆಯ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಜನೆಯ ರೂಪದಲ್ಲಿದ್ದರೆ ಹೊಸ ಬೋರ್ಡಿನಲ್ಲಿ ಬೂಟ್ ಆಗದೆ ಇರಬಹುದು; ಹಳೆಯ ಬೋರ್ಡಿನಲ್ಲಿ ಇರುವಾಗಲೇ ಬ್ಯಾಕಪ್ ತೆಗೆದು, ಎಂಬಿಆರ್2ಜಿಪಿಟಿ ಸಾಧನದಿಂದ ಜಿಪಿಟಿ ಎಂಬ ಹೊಸ ರೂಪಕ್ಕೆ ಬದಲಿಸಿಕೊಳ್ಳಿ.