ಕೆನ್ನೆಗೆ ನನ್ನದೇ ಕೊಬ್ಬು, ಕಣ್ಣ ಕೆಳಗೆ ಜೆಲ್: ಮೂರು ಥರದ ಫಿಲ್ಲರ್ ಹಾಕಿಸಿಕೊಂಡ ಮೇಲೆ

ತೂಕ ಇಳಿಸಿದರೆ ಎಲ್ಲರಿಗೂ ಹೊಟ್ಟೆ ಕರಗುತ್ತದೆ, ನನಗೆ ಮುಖ ಕರಗಿತು. ಕೆನ್ನೆ ಗುಳಿಬಿತ್ತು, ಕಣತಲೆ ಒಳಗೆ ಹೋಯಿತು, ಕಣ್ಣ ಕೆಳಗೆ ಗೆರೆ ಮೂಡಿತು. ಸಿಕ್ಕವರೆಲ್ಲ "ಹುಷಾರಿಲ್ವಾ?" ಅಂತ ಕೇಳುವವರೇ. ಇದನ್ನು ಫಿಲ್ಲರ್‌ನಿಂದ, ಅಂದರೆ ಚರ್ಮದ ಕೆಳಗೆ ಚುಚ್ಚಿ ಗುಳಿ ಎತ್ತುವ ವಸ್ತುವಿನಿಂದ, ತುಂಬಿಸಿಕೊಳ್ಳಲು ನಾನು ಮೂರು ದಾರಿ ನೋಡಿದ್ದೇನೆ. ಮೊದಲು ಹೈಲುರಾನಿಕ್ ಆಸಿಡ್ ಜೆಲ್, ಆಮೇಲೆ ಪಾಲಿ ಲ್ಯಾಕ್ಟಿಕ್ ಆಸಿಡ್, ಕೊನೆಗೆ ನನ್ನದೇ ತೊಡೆಯ ಕೊಬ್ಬು. ಯಾವುದು ಬೆಸ್ಟ್ ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: ಯಾವ ಜಾಗಕ್ಕೆ, ಎಷ್ಟು ಬೇಕು? ಕೆನ್ನೆ, ಕಣತಲೆಯಂಥ ಅಗಲ ಜಾಗಕ್ಕೆ ಕೊಬ್ಬಿನ ಮುಂದೆ ಉಳಿದೆರಡೂ ಸಾಟಿಯಲ್ಲ. ಕಣ್ಣ ಕೆಳಗೆ ಜೆಲ್ಲೇ ಸರಿ, ಅದೂ ಚೂರೇ ಚೂರು. ಪಾಲಿ ಲ್ಯಾಕ್ಟಿಕ್ ಆಸಿಡ್ ಕೆಟ್ಟದ್ದೇನಲ್ಲ, ನನ್ನ ತಾಳ್ಮೆಗೆ ಹೊಂದಲಿಲ್ಲ.

ಮೊದಲು "ನಮ್ಮದೇ ಕೊಬ್ಬು ಅಲ್ವಾ, ಅದರಿಂದ ಏನಾಗುತ್ತೆ" ಅನ್ನುವ ಮಾತನ್ನು ಮುಗಿಸಿಬಿಡೋಣ. ಅಲರ್ಜಿ ಆಗುವುದಿಲ್ಲ, ನಿಜ. ದೇಹ ಅದನ್ನು ಹೊರಗಿನದು ಅಂತ ತಳ್ಳುವುದಿಲ್ಲ, ಅದೂ ನಿಜ. ಆದರೆ ಅಪಾಯ ಇರುವುದು ಅಲ್ಲಿ ಅಲ್ಲ. ಮುಖದ ತುಂಬ ರಕ್ತನಾಳಗಳು. ಹುಬ್ಬುಗಳ ನಡುವೆ, ಹಣೆಯಲ್ಲಿ, ಮೂಗಿನ ಮೇಲೆ ಇರುವ ನಾಳಗಳಿಗೂ ಕಣ್ಣಿನ ನಾಳಗಳಿಗೂ ನೇರ ಸಂಬಂಧ ಇದೆ. ಸೂಜಿ ನಾಳದೊಳಗೆ ಹೋಗಿ ಜೋರಾಗಿ ಒತ್ತಿದರೆ ಒಳಗಿನ ವಸ್ತು ರಕ್ತ ಹರಿಯುವ ದಿಕ್ಕಿಗೆ ಎದುರಾಗಿ ಹಿಂದಕ್ಕೆ ನುಗ್ಗಿ, ಒತ್ತುವುದು ನಿಲ್ಲಿಸಿದ ಮೇಲೆ ಕಣ್ಣಿನ ಕಡೆಗೆ ಹರಿದು ಅಲ್ಲಿ ಅಡ್ಡ ಕೂರಬಹುದು. ಫಿಲ್ಲರ್‌ನಿಂದ ದೃಷ್ಟಿ ಹೋದ ಪ್ರಕರಣಗಳಲ್ಲಿ ಕೊಬ್ಬಿನಿಂದ ಆದವು ಕಡಿಮೆ ಏನಲ್ಲ. ಜೆಲ್ ಆದರೆ ಕೆನ್ನೆಯ ಅಥವಾ ತುಟಿಯ ನಾಳ ಕಟ್ಟಿಕೊಂಡಾಗ ಕರಗಿಸಲು ಹೈಲುರಾನಿಡೇಸ್ ಅನ್ನುವ ಔಷಧಿ ಇದೆ. ಕೊಬ್ಬಿಗೆ ಅಂಥ ಔಷಧಿ ಇಲ್ಲ. ಹಾಗಾಗಿ ಹುಬ್ಬಿನ ನಡುವೆ, ಮೂಗಿನ ಮೇಲೆ ಕೊಬ್ಬು ಹಾಕಿಸಿಕೊಳ್ಳಲು ನಾನು ಒಪ್ಪಲೇ ಇಲ್ಲ. ಕೆನ್ನೆಗೂ ಮೊಂಡು ತುದಿಯ ಕ್ಯಾನುಲಾ (ಸೂಜಿಯ ಬದಲು ಬಳಸುವ ಸಪೂರ ಕೊಳವೆ) ಬಳಸುತ್ತೀರಾ ಅಂತ ಕೇಳಿ, ಹೌದು ಅಂದ ಮೇಲೇ ಮುಂದುವರಿದೆ.

ಇನ್ನು ಜೆಲ್. ಇದರ ದೊಡ್ಡ ಸುಖ ಅಂದರೆ ಕೂತಲ್ಲೇ ಮುಗಿಯುತ್ತದೆ. ಈಗಿನ ಹೆಚ್ಚಿನ ಜೆಲ್‌ಗಳಲ್ಲಿ ಲಿಡೊಕೇನ್ ಅನ್ನುವ ಮರಗಟ್ಟಿಸುವ ಔಷಧಿ ಬೆರೆತೇ ಬರುತ್ತದೆ, ಮೊದಲ ಚುಚ್ಚು ಉರಿಯುತ್ತದೆ, ಆಮೇಲೆ ಜೋಮು. ಕನ್ನಡಿ ಕೈಗೆ ಕೊಡುತ್ತಾರೆ, ಒಂದು ಕೆನ್ನೆ ಆಗಿದೆ, ಇನ್ನೊಂದು ಆಗಿಲ್ಲ, ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ. ಈ ಹೈಲುರಾನಿಕ್ ಆಸಿಡ್ ನಮ್ಮ ಚರ್ಮದಲ್ಲೂ ಇದೆ. ಫಿಲ್ಲರ್‌ಗೆ ಬೇಕಾದ್ದನ್ನು ಈಗ ಹೆಚ್ಚಾಗಿ ಬ್ಯಾಕ್ಟೀರಿಯಾದಿಂದ ತಯಾರಿಸುತ್ತಾರೆ. ಹಾಗೇ ಚುಚ್ಚಿದರೆ ಕೆಲವೇ ದಿನದಲ್ಲಿ ಮಾಯ, ಅದಕ್ಕೇ ಅದರ ಎಳೆಗಳನ್ನು ಒಂದಕ್ಕೊಂದು ಹೆಣೆದು ಜೆಲ್ ಮಾಡಿರುತ್ತಾರೆ. ಅಮೆರಿಕದಲ್ಲಿ ರೆಸ್ಟಿಲೇನ್ ಅನ್ನುವ ಬ್ರ್ಯಾಂಡಿನ ಇಂಥ ಜೆಲ್‌ಗೆ ಒಪ್ಪಿಗೆ ಸಿಕ್ಕಿದ್ದು 2003ರ ಕೊನೆಗೆ. ಅದಕ್ಕೂ ಮೊದಲು ಹಸುವಿನ ಚರ್ಮದಿಂದ ತೆಗೆದ ಕೊಲಾಜನ್ ಅನ್ನುವ ಪ್ರೋಟೀನ್‌ನದೇ ರಾಜ್ಯಭಾರ, ಅಲರ್ಜಿ ಇದೆಯಾ ಅಂತ ಮೊದಲು ತೋಳಿಗೆ ಚುಚ್ಚಿ ವಾರಗಟ್ಟಲೆ ಕಾಯಬೇಕಿತ್ತು. ಆ ಕಾಲದವರಿಗೆ ಜೆಲ್ ವರ ಅನ್ನಿಸಿದ್ದರೆ ಆಶ್ಚರ್ಯ ಇಲ್ಲ.

ಕೆನ್ನೆಯಲ್ಲಿ ಜೆಲ್ ಚೆನ್ನಾಗೇ ಕೂತಿತು. ತೊಂದರೆ ಇರುವುದು ಲೆಕ್ಕದಲ್ಲಿ. ಒಂದು ಸಿರಿಂಜ್ ಅಂದರೆ ಸಾಮಾನ್ಯವಾಗಿ 1 ಮಿಲಿಲೀಟರ್. ಒಂದು ಟೀ ಚಮಚಕ್ಕೆ 5 ಮಿಲಿಲೀಟರ್ ಹಿಡಿಯುತ್ತದೆ. ಅಂದರೆ ಅಷ್ಟು ಹಣ ಕೊಟ್ಟು ತುಂಬಿಸಿಕೊಳ್ಳುವುದು ಚಮಚದ ಐದನೇ ಒಂದು ಭಾಗ! ತುಟಿಗೆ, ಒಂದು ಗೆರೆಗೆ ಅದು ಧಾರಾಳ. ಇಡೀ ಮುಖವೇ ಬತ್ತಿದ್ದರೆ ಅದು ಎಲ್ಲಿಗೂ ಸಾಲದು. ಮತ್ತೆ ಮತ್ತೆ ಸಿರಿಂಜ್ ಏರಿಸುತ್ತಾ ಹೋದರೆ ಮುಖ ತುಂಬಿದ ಹಾಗೆ ಕಾಣುವ ಬದಲು ಉಬ್ಬಿದ ಹಾಗೆ ಕಾಣುತ್ತದೆ, ಏಕೆಂದರೆ ಜೆಲ್ ನೀರು ಹೀರುತ್ತದೆ. ಮೇಲಾಗಿ ಇದು ಉಳಿಯುವುದು 6 ತಿಂಗಳಿಂದ ಒಂದೂವರೆ ವರ್ಷ ಅನ್ನುತ್ತಾರೆ. ನನ್ನ ಕೆನ್ನೆಯ ಆಕಾರ ವರ್ಷ ತುಂಬುವ ಮೊದಲೇ ಇಳಿಯಿತು.

ಕಣ್ಣ ಕೆಳಗಿನದು ಬೇರೆ ಕಥೆ. ಮೊದಲ ಸಲ ಹಾಕಿದ್ದು ಮೇಲುಮೇಲೆ ಕೂತಿತ್ತು. ಟ್ಯೂಬ್‌ಲೈಟ್ ಕೆಳಗೆ ನಿಂತರೆ ಎಡಗಣ್ಣಿನ ಕೆಳಗೆ ತಿಳಿನೀಲಿ ಗೆರೆ. ಅಲ್ಲಿ ಚರ್ಮ ಎಷ್ಟು ತೆಳು ಅಂದರೆ ಒಳಗಿನ ಜೆಲ್ ಮೇಲೆ ಬೆಳಕು ಬಿದ್ದು ಚದುರಿ ನೀಲಿಯಾಗಿ ಕಾಣುತ್ತದೆ. ಬೆಳಿಗ್ಗೆ ಎದ್ದಾಗ ಊತ ಬೇರೆ. ಕರಗಿಸಿಕೊಂಡೆ. ಹೈಲುರಾನಿಡೇಸ್ ಚುಚ್ಚಿದಾಗ ಚುರುಚುರು ಉರಿ, ಆ ಹೊತ್ತಿಗೆ ಊದಿಕೊಂಡು ಇನ್ನೂ ಅಧ್ವಾನ, ಮಾರನೇ ದಿನ ನೋಡಿದರೆ ನೀಲಿಯೂ ಇಲ್ಲ, ಊತವೂ ಇಲ್ಲ. ನನಗೆ ಜೆಲ್ ಮೇಲೆ ನಂಬಿಕೆ ಬಂದದ್ದು ಅವತ್ತೇ. ಕೆಟ್ಟರೆ ಅಳಿಸಬಹುದು ಅನ್ನುವುದು ಸಣ್ಣ ವಿಷಯ ಅಲ್ಲ. ಆಮೇಲೆ ಇನ್ನೊಬ್ಬ ಡಾಕ್ಟರ್ ಮೂಳೆಗೆ ತಾಗುವಷ್ಟು ಆಳದಲ್ಲಿ ಒಂದೆರಡು ಹನಿ ಮಾತ್ರ ಹಾಕಿದರು, ಇವತ್ತಿಗೂ ಅದು ಹಾಗೇ ಇದೆ. ಹೆಚ್ಚು ಅಲುಗಾಡದ ಜಾಗದಲ್ಲಿ ಜೆಲ್ ಜಾಸ್ತಿ ದಿನ ಉಳಿಯುತ್ತದೆ. ಎಮ್‌ಆರ್‌ಐ ಮಾಡಿದಾಗ ಹಾಕಿ ವರ್ಷಗಳಾದ ಮೇಲೂ ಕಂಡದ್ದುಂಟು.

ಪಾಲಿ ಲ್ಯಾಕ್ಟಿಕ್ ಆಸಿಡ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಇದು ಜಾಗ ತುಂಬುವ ವಸ್ತುವೇ ಅಲ್ಲ. ಕರಗುವ ಹೊಲಿಗೆ ದಾರಕ್ಕೂ ಇದೇ ಜಾತಿಯ ವಸ್ತು ಬಳಸುತ್ತಾರೆ. ಪುಡಿಯನ್ನು ನೀರಲ್ಲಿ ಕಲಸಿ ಚುಚ್ಚುತ್ತಾರೆ, ಅದರ ಕಣಗಳ ಸುತ್ತ ನಮ್ಮ ದೇಹವೇ ತಿಂಗಳುಗಟ್ಟಲೆ ಕೊಲಾಜನ್ ಕಟ್ಟುತ್ತದೆ. ಹಾಕಿದ ದಿನ ಮುಖ ತುಂಬಿ ಕಾಣುತ್ತದೆ, ಖುಷಿಪಡಬೇಡಿ, ಅದು ನೀರು. ನಾಲ್ಕು ದಿನಕ್ಕೆ ಇಳಿದುಹೋಗುತ್ತದೆ. ಗಂಟು ಕಟ್ಟಬಾರದು ಅಂತ 5 ದಿನ, ದಿನಕ್ಕೆ 5 ಸಲ, 5 ನಿಮಿಷ ಮಸಾಜ್ ಮಾಡಲು ಹೇಳುತ್ತಾರೆ. ಆಫೀಸಿನ ಬಾತ್‌ರೂಮಲ್ಲಿ ನಿಂತು ಕೆನ್ನೆ ತಿಕ್ಕುವುದು ನನ್ನಿಂದಾಗುವ ಕೆಲಸ ಅಲ್ಲ. ಕಣತಲೆಯಲ್ಲಿ ನಿಧಾನಕ್ಕೆ ಏನೋ ಸುಧಾರಿಸಿತು, ಆದರೆ ಎಷ್ಟು ಸುಧಾರಿಸಿದೆ ಅಂತ ತಿಳಿಯಲು ಹಳೇ ಫೋಟೋ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾಯಿತು. ಇದನ್ನೂ ಕರಗಿಸಲು ಆಗುವುದಿಲ್ಲ ಅನ್ನುವುದು ನೆನಪಿರಲಿ.

ಈಗ ಕೊಬ್ಬು. ಇದು ಹೊಸ ಫ್ಯಾಷನ್ ಅಂದುಕೊಂಡವರಿಗೆ ಹೇಳಬೇಕು, ಫಿಲ್ಲರ್‌ಗಳಲ್ಲೆಲ್ಲ ಹಳೆಯದು ಇದೇ. ಜರ್ಮನಿಯ ಗುಸ್ತಾವ್ ನ್ಯೂಬರ್ ಎಂಬ ಸರ್ಜನ್ 1893ರಲ್ಲೇ ತೋಳಿನ ಕೊಬ್ಬು ತೆಗೆದು ಮುಖದ ಗುಳಿಬಿದ್ದ ಗಾಯದ ಕಲೆ ತುಂಬಿದ್ದರು. ದೊಡ್ಡ ತುಂಡು ಉಳಿಯುವುದಿಲ್ಲ, ಸಣ್ಣ ತುಂಡು ಉಳಿಯುತ್ತದೆ ಅನ್ನುವುದನ್ನು ಆಗಲೇ ಗಮನಿಸಿದ್ದರು. ಆಮೇಲೆ ಪ್ಯಾರಾಫಿನ್ ಮೇಣ ಚುಚ್ಚುವ ಹುಚ್ಚು ಬಂದು ಎಷ್ಟೋ ಜನರ ಮುಖ ಗಂಟುಗಂಟಾಯಿತು. 1970ರ ದಶಕದಲ್ಲಿ ಲೈಪೋಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವ ವಿಧಾನ, ಬಂದ ಮೇಲೆ ಕೊಬ್ಬು ದ್ರವದ ಥರ ಕೈಗೆ ಸಿಗತೊಡಗಿತು. ಅದನ್ನು ಜೋಪಾನವಾಗಿ ತೆಗೆದು, ಶುದ್ಧ ಮಾಡಿ, ಹನಿಹನಿಯಾಗಿ ಹಾಕುವ ಈಗಿನ ಪದ್ಧತಿಗೆ ಒಂದು ಶಿಸ್ತು ತಂದವರು ಅಮೆರಿಕದ ಸಿಡ್ನಿ ಕೋಲ್‌ಮನ್.

ನನಗೆ ಲೋಕಲ್ ಅನಸ್ತೇಶಿಯಾದಲ್ಲೇ ಮಾಡಿದರು, ಹಾಗಾಗಿ ಎಲ್ಲ ನೋಡಿದೆ. ತೊಡೆಯ ಒಳಭಾಗಕ್ಕೆ ಲಿಡೊಕೇನ್, ಅಡ್ರಿನಲಿನ್ ಬೆರೆಸಿದ ಸಲೈನ್ ತುಂಬಿದರು. ರಕ್ತನಾಳ ಕುಗ್ಗಿ ಚರ್ಮ ಬೆಳ್ಳಗಾಗುವ ತನಕ ಕಾದರು. ಅಕ್ಕಿಕಾಳಿನಷ್ಟು ಗೀರು ಹಾಕಿ ಕ್ಯಾನುಲಾ ಒಳಗೆ ಬಿಟ್ಟು ಹಿಂದೆ ಮುಂದೆ ಆಡಿಸತೊಡಗಿದರು. ಮಷಿನ್ ಇಲ್ಲ, 10 ಮಿಲಿಲೀಟರ್ ಸಿರಿಂಜನ್ನು ಕೈಯಲ್ಲೇ ಮೆಲ್ಲಗೆ ಎಳೆಯುವುದು, ಯಾಕೆಂದರೆ ಜೋರಾಗಿ ಹೀರಿದರೆ ಕೊಬ್ಬಿನ ಕೋಶಗಳು ಒಡೆಯುತ್ತವೆ. ನೋವಿಲ್ಲ, ಆದರೆ ಒಳಗೆ ಕರಕರ ಅನ್ನುವುದು ಗೊತ್ತಾಗುತ್ತದೆ, ಅದು ನೋವಿಗಿಂತ ವಿಚಿತ್ರ. ಸಿರಿಂಜ್‌ಗಳನ್ನು ಸೆಂಟ್ರಿಫ್ಯೂಜ್‌ಗೆ ಹಾಕಿ ನಿಮಿಷಕ್ಕೆ 3000 ಸುತ್ತಿನಂತೆ 3 ನಿಮಿಷ ತಿರುಗಿಸಿದರು. ಹೊರಗೆ ಬಂದಾಗ ಮೂರು ಪದರ: ಮೇಲೆ ಹಳದಿ ಎಣ್ಣೆ, ನಡುವೆ ಕೊಬ್ಬು, ತಳದಲ್ಲಿ ರಕ್ತ ಬೆರೆತ ನೀರು. ನೀರು ಬಸಿದು, ಎಣ್ಣೆ ಚೆಲ್ಲಿ, ಉಳಿದ ಎಣ್ಣೆಯನ್ನು ಗಾಜ್ ಬಟ್ಟೆಯಿಂದ ಹೀರಿಸಿದರು. ತುಂಬಿದ ಸಿರಿಂಜಿನಲ್ಲಿ ಉಪಯೋಗಕ್ಕೆ ಬಂದದ್ದು ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. "ಹೊಟ್ಟೆ ಕರಗಿ ಕೆನ್ನೆ ತುಂಬುತ್ತೆ, ಒಂದೇ ಏಟಿಗೆ ಎರಡು ಹಕ್ಕಿ" ಅಂತ ಕನಸು ಕಾಣುವವರು ಇದನ್ನು ನೋಡಬೇಕು. ಮುಖಕ್ಕೆ ತೆಗೆಯುವ ಕೊಬ್ಬಿನಿಂದ ಯಾರೂ ಸಣ್ಣ ಆಗುವುದಿಲ್ಲ.

ಆಮೇಲೆ ಅದನ್ನು 1 ಮಿಲಿಲೀಟರ್ ಸಿರಿಂಜ್‌ಗಳಿಗೆ ತುಂಬಿ, ಕ್ಯಾನುಲಾ ಹಿಂದಕ್ಕೆ ಎಳೆಯುವಾಗ ಮಾತ್ರ ಒಂದೊಂದು ಚೂರು ಬಿಡುತ್ತಾ ಬಂದರು. ಇದು ಗಂಟೆಗಟ್ಟಲೆ ಕೆಲಸ. ಯಾಕಿಷ್ಟು ಅಂದರೆ, ಕಿತ್ತು ತಂದ ಕೊಬ್ಬಿಗೆ ಹೊಸ ಜಾಗದಲ್ಲಿ ರಕ್ತನಾಳ ಇಲ್ಲ. ಮೊದಲ ಕೆಲವು ದಿನ ಸುತ್ತಲಿನ ಅಂಗಾಂಶದಿಂದ ಜಿನುಗಿದ್ದೇ ಅದಕ್ಕೆ ಅನ್ನ. ನಾಟಿ ಮಾಡುವಾಗ ಪೈರನ್ನು ಕಂತೆಗಟ್ಟಲೆ ಒಂದೇ ಕಡೆ ತುರುಕಿದರೆ ನಡುವಿನದು ಕೊಳೆಯುತ್ತದಲ್ಲ, ಹಾಗೇ ಇದೂ. ದಪ್ಪ ಉಂಡೆಯ ಅಂಚು ಮಾತ್ರ ಬದುಕುತ್ತದೆ, ನಡುಭಾಗ ಸತ್ತು ಎಣ್ಣೆಗುಳ್ಳೆಯೋ ಗಟ್ಟಿ ಗಂಟೋ ಆಗುತ್ತದೆ. ಕೊಬ್ಬು ಹಾಕಿಸಿಕೊಳ್ಳುವಾಗ ಡಾಕ್ಟರ್ ಕೈಚಳಕದ ಮೇಲೆ ಎಲ್ಲ ನಿಂತಿದೆ ಅನ್ನುವುದು ಇದಕ್ಕೇ. ಜೆಲ್‌ನಲ್ಲಿ ಕಂಪನಿ ಅರ್ಧ ಕೆಲಸ ಮಾಡಿಕೊಟ್ಟಿರುತ್ತದೆ, ಇಲ್ಲಿ ಎಲ್ಲವೂ ಅವರ ಕೈಯಲ್ಲೇ.

ಚೇತರಿಕೆಯಲ್ಲಿ ಜೆಲ್ ಮುಂದೆ ಕೊಬ್ಬು ಪೂರ್ತಿ ಸೋಲುತ್ತದೆ. ಮುಖ ಊದಿ, ಮಂಗನಬಾವು ಬಂದಿದೆಯಾ ಅಂತ ಪಕ್ಕದ ಮನೆಯವರು ಕೇಳಿದರು. ಎರಡು ಮೂರು ವಾರ ಜನರೆದುರು ಹೋಗುವ ಕೆಲಸ ಇಟ್ಟುಕೊಳ್ಳಬೇಡಿ. ಮುಖಕ್ಕಿಂತ ತೊಡೆಯದೇ ನೋವು ಜಾಸ್ತಿ, ಮೆಟ್ಟಿಲು ಇಳಿಯುವಾಗ ಒಂದೊಂದು ಹೆಜ್ಜೆಗೂ ಗೊತ್ತಾಗುತ್ತಿತ್ತು. ಊತ ಇಳಿಯತೊಡಗಿದಾಗ ಇನ್ನೊಂದು ಕಾಟ ಶುರು: ಇಳಿಯುತ್ತಿರುವುದು ಊತವೋ ಕೊಬ್ಬೋ? ದಿನಾ ಬೆಳಿಗ್ಗೆ ಕೆನ್ನೆ ಒತ್ತಿ ನೋಡುವುದೇ ಕೆಲಸ. ಹಾಕಿದ್ದರಲ್ಲಿ ಉಳಿಯುವುದು ಶೇಕಡಾ 30 ಅನ್ನುವವರೂ ಇದ್ದಾರೆ, 70 ಅನ್ನುವವರೂ ಇದ್ದಾರೆ, ಅದಕ್ಕೇ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಹಾಕುವ ಡಾಕ್ಟರ್‌ಗಳಿದ್ದಾರೆ. ಕೊನೆಗೆ ಏನು ಉಳಿಯಿತು ಅಂತ ಹೇಳಲು 3ರಿಂದ 6 ತಿಂಗಳು ಬೇಕು. ಸಿಗರೇಟ್ ಸೇದುವವರಲ್ಲಿ ರಕ್ತ ಸಂಚಾರ ಕಡಿಮೆ, ಉಳಿಯುವುದೂ ಕಡಿಮೆ.

ನನಗೆ ಕಣ್ಣಳತೆಯಲ್ಲಿ ಅರ್ಧದಷ್ಟು ಉಳಿಯಿತು. ಆ ಅರ್ಧ ಇದೆಯಲ್ಲ, ಅದಕ್ಕೆ ಸಮಾನ ಇಲ್ಲ. ಮುಟ್ಟಿದರೆ ಮಾಮೂಲಿ ಕೆನ್ನೆ. ನಕ್ಕರೆ ಅದೂ ಜೊತೆಗೆ ಅಲುಗುತ್ತದೆ, ಜೆಲ್ ಇದ್ದಾಗ ನಗುವಿನ ಪಕ್ಕದಲ್ಲಿ ಏನೋ ಬೇರೆ ಕೂತಂತೆ ಇರುತ್ತಿತ್ತು. ಕಣತಲೆಯ ಹಳ್ಳ ಹೋಗಿ ಕನ್ನಡಕ ಹಾಕಿದಾಗ ಮುಖದ ಅಂದವೇ ಬದಲಾಯಿತು. ಒಮ್ಮೆ ಬೇರೂರಿದರೆ ಅದು ಜೀವಂತ ಕೊಬ್ಬು, ಆದ್ದರಿಂದ ತೂಕ ಏರಿದರೆ ಅದೂ ಏರುತ್ತದೆ. ಹೋದ ಚಳಿಗಾಲದಲ್ಲಿ ಸ್ವಲ್ಪ ದಪ್ಪ ಆದೆ, ಕೆನ್ನೆ ಮೊದಲು ಹೇಳಿತು. ಚರ್ಮಕ್ಕೆ ಹೊಳಪು ಬರುತ್ತೆ, ಬೇರೆ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್ ಇದೆ ಅಂತೆಲ್ಲ ಹೇಳಿ ಕಳಿಸಿದ್ದರು. ಕೊಬ್ಬಿನಲ್ಲಿ ಆ ಕೋಶಗಳು ಇರುವುದು ನಿಜ, ಹೊಳಪು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ನ್ಯಾನೋಫ್ಯಾಟ್ ಅಂತ ಇನ್ನೊಂದಿದೆ, ಕೊಬ್ಬನ್ನು ಪೂರ್ತಿ ಅರೆದು ಸೋಸಿ ಸಪೂರ ಸೂಜಿಯಲ್ಲಿ ಹಾಕುವುದು. ಅದರಲ್ಲಿ ಜೀವಂತ ಕೊಬ್ಬಿನ ಕೋಶ ಉಳಿದಿರುವುದಿಲ್ಲ, ಗುಳಿ ತುಂಬುವ ಆಸೆಯಿಂದ ಯಾರೂ ಅದಕ್ಕೆ ಹೋಗಬೇಡಿ.

ಕಣ್ಣ ಕೆಳಗೂ ಕೊಬ್ಬು ಹಾಕೋಣ ಅಂತ ಡಾಕ್ಟರ್ ಅಂದರು. ನಾನು ಬೇಡ ಅಂದೆ. ಅಷ್ಟು ತೆಳು ಚರ್ಮದ ಕೆಳಗೆ ಒಂದು ಕಾಳಿನಷ್ಟು ಗಂಟು ಕಟ್ಟಿದರೂ ಎದ್ದು ಕಾಣುತ್ತದೆ, ಕರಗಿಸಲು ದಾರಿ ಇಲ್ಲ, ಕತ್ತರಿಸಿಯೇ ತೆಗೆಯಬೇಕಾಗಬಹುದು. ಚೆನ್ನಾಗಿ ಮಾಡಿಸಿಕೊಂಡವರು ಇದ್ದಾರೆ, ಅವರ ಧೈರ್ಯ ಅವರಿಗೆ. ಇನ್ನು ಮೈಯಲ್ಲೇ ಕೊಬ್ಬಿಲ್ಲದ ತೀರಾ ಸಣಕಲು ಜನಕ್ಕೆ ಈ ಚರ್ಚೆಯೇ ಇಲ್ಲ, ತೆಗೆಯಲು ಏನಾದರೂ ಇರಬೇಕಲ್ಲ.

ಬಲಗೆನ್ನೆಯಲ್ಲಿ ಜಾಸ್ತಿ ಉಳಿದು ಎಡಗೆನ್ನೆಯಲ್ಲಿ ಕಡಿಮೆ ಆಯಿತು. ಬೇರೆಯವರಿಗೆ ಕಾಣುವುದಿಲ್ಲ, ಫೋಟೋದಲ್ಲಿ ನನಗೆ ಕಾಣುತ್ತದೆ. ಹೆಚ್ಚಿಗೆ ತೆಗೆದ ಕೊಬ್ಬನ್ನು ಫ್ರೀಜ್ ಮಾಡಿ ಇಟ್ಟು ಆಮೇಲೆ ಹಾಕುವವರೂ ಇದ್ದಾರೆ, ಆದರೆ ಹೆಪ್ಪುಗಟ್ಟಿಸಿದ ಕೊಬ್ಬಿನಲ್ಲಿ ಬದುಕಿ ಉಳಿಯುವ ಕೋಶಗಳು ಕಡಿಮೆ, ಸುಮ್ನೆ ಯಾಕೆ ಅಂತ ಬಿಟ್ಟೆ. ಮತ್ತೆ ತೊಡೆಗೆ ಕ್ಯಾನುಲಾ ಹಾಕಿಸಿಕೊಳ್ಳುವ ಉತ್ಸಾಹವೂ ಇರಲಿಲ್ಲ. ಎಡಗಡೆಗೆ ಅರ್ಧ ಸಿರಿಂಜ್ ಜೆಲ್ ಹಾಕಿಸಿ ಸರಿ ಮಾಡಿಕೊಂಡೆ. ಕೊಬ್ಬಿನ ಪಕ್ಕ ಜೆಲ್ ತಕರಾರಿಲ್ಲದೆ ಕೂತಿದೆ. ಅದು ಇಳಿದಾಗ ಮತ್ತೆ ಅರ್ಧ ಸಿರಿಂಜ್, ಅಷ್ಟೇ.