ಸಾವಿರದೆಂಟುನೂರರ ಕಿಟ್ಟು, ಪುಕ್ಕಟೆಯ ವಚನ ಸಂಚಯ: ಮೊದಲ ಸಲ ಟೀಚರ್ ಆದವಳ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ನಾನು ಟೀಚರ್ ಅಲ್ಲ. ಬ್ಯಾಂಕಿನಲ್ಲಿ ಕೌಂಟರ್ ಕೆಲಸ. ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ವಚನ ತರಗತಿ ನಡೆಯುತ್ತದೆ. ಚಿಕ್ಕವರಿಗೆ ಹೇಳಿಕೊಡುವವರು ಇದ್ದಾರೆ. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಗುಂಪಿಗೆ ಮಾತ್ರ ಯಾರೂ ಸಿಗುತ್ತಿರಲಿಲ್ಲ. "ನೀನೇ ಹೇಳಿಕೊಡವ್ವ, ನಿಮ್ಮಪ್ಪ ಎಷ್ಟು ವಚನ ಹೇಳ್ತಿದ್ರು" ಅಂದರು ಸಮಿತಿಯ ಹಿರಿಯರೊಬ್ಬರು. ಅಪ್ಪ ಹೇಳುತ್ತಿದ್ದರು, ನಿಜ. ನಾನು ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ, ಅಷ್ಟೆ.

ಸಮಿತಿಯವರು ಯಾವುದೋ ಮೇಳದಲ್ಲಿ 1,800 ರೂಪಾಯಿ ಕೊಟ್ಟು ಒಂದು ಕಿಟ್ ತಂದಿಟ್ಟಿದ್ದರು. ಯಾರು ಮಾಡಿದ್ದು ಅಂತ ಹೇಳುವುದಿಲ್ಲ, ಸುಮ್ನೆ ಯಾಕೆ. ಪೆಟ್ಟಿಗೆಯಲ್ಲಿ 12 ವಾರದ ಪಾಠದ ಕೈಪಿಡಿ, 10 ಬಣ್ಣದ ಚಾರ್ಟು, ಹಾಡು ತುಂಬಿದ ಪೆನ್ ಡ್ರೈವ್. ನೋಡೋಕೆ ಚೆನ್ನಾಗಿದೆ. ನನಗಂತೂ ಜೀವ ಬಂದ ಹಾಗಾಯಿತು, ಇದನ್ನು ನೋಡಿಕೊಂಡು ಹೇಳಿದರೆ ಆಯ್ತಲ್ಲ ಅಂತ.

ಮೊದಲ ಪಾಠ "ಕಳಬೇಡ ಕೊಲಬೇಡ". 14 ಜನ ಇದ್ದರು. ವಿಭೂತಿ ಹಚ್ಚಿಕೊಂಡು, ಪ್ರಾರ್ಥನೆ ಮುಗಿಸಿ, ಜಮಖಾನೆ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೈಪಿಡಿಯಲ್ಲಿದ್ದ ಪ್ರಶ್ನೆಯನ್ನೇ ಕೇಳಿದೆ: ಈ ವಚನದಿಂದ ನಾವು ಏನು ಕಲಿಯುತ್ತೇವೆ? ಹಿಂದಿನ ಸಾಲಿನ ಹುಡುಗ ಒಂದೇ ಉಸಿರಿಗೆ "ಕದೀಬಾರ್ದು, ಸುಳ್ಳು ಹೇಳ್ಬಾರ್ದು, ಮುಗೀತಾ ಆಂಟಿ?" ಅಂದ. ಅವರ ತಪ್ಪೇನೂ ಇಲ್ಲ. ಪುಟ್ಟ ಮಕ್ಕಳಿದ್ದಾಗಿಂದ ಅದನ್ನು ಬಾಯಿಪಾಠ ಒಪ್ಪಿಸುತ್ತಾ ಬಂದವರು. ಮುಕ್ಕಾಲು ಗಂಟೆಯ ಪಾಠ ಒಂಬತ್ತು ನಿಮಿಷಕ್ಕೆ ಖಾಲಿ! ಅದರ ಮೇಲೆ ಚಾರ್ಟಿನಲ್ಲಿ "ಮುನಿಯಬೇಡ" ಅನ್ನುವುದು "ಮುಗಿಯಬೇಡ" ಅಂತ ಅಚ್ಚಾಗಿತ್ತು. "ಕ್ಲಾಸ್ ಮುಗಿಯಬೇಡ ಅಂತಾನಾ ಆಂಟಿ?" ಅಂತ ಒಬ್ಬಳು ಕೇಳಿದ ಮೇಲೆ ಉಳಿದ ಹೊತ್ತೆಲ್ಲ ನಗುವೇ. ನಾನೂ ನಕ್ಕೆ. ಮನೆಗೆ ಬಂದು ಅಳು ಬಂತು, ಅದು ಬೇರೆ ವಿಷಯ.

ಆಫೀಸಿನ ಗೆಳತಿ ವಚನ ಸಂಚಯ ತೋರಿಸಿದ್ದು ಆ ವಾರವೇ. ಇದೊಂದು ವೆಬ್‌ಸೈಟು, ಪುಕ್ಕಟೆ. ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿ ಸರ್ಕಾರ ತಂದ 15 ಸಂಪುಟಗಳ ವಚನಗಳು, ಅಂದರೆ 20 ಸಾವಿರಕ್ಕೂ ಜಾಸ್ತಿ, ಇಲ್ಲಿ ಹುಡುಕಲು ಸಿಗುತ್ತವೆ. ವಚನಕಾರರ ಹೆಸರಿನಿಂದ ಹೋಗಬಹುದು, ಇಲ್ಲವೇ ಒಂದು ಪದ ಕೊಟ್ಟು ಅದು ಎಲ್ಲೆಲ್ಲಿ ಬಂದಿದೆ ಅಂತ ನೋಡಬಹುದು.

ಎರಡನೇ ಭಾನುವಾರ ಕೈಪಿಡಿ ತೆಗೆಯಲೇ ಇಲ್ಲ. ಫೋನ್ ಇದ್ದವರು ಆರು ಜನ. ಎರಡು ಮೂರು ಜನಕ್ಕೆ ಒಂದು ಫೋನ್ ಮಾಡಿ, ನಿಮಗೆ ಬೇಕಾದವರನ್ನು ಹುಡುಕಿ ಅಂದೆ. ಎರಡೇ ನಿಮಿಷದಲ್ಲಿ ಹುಡುಗರ ಕಡೆಯಿಂದ ಕಿಸಕ್ಕನೆ ನಗು. ಹೆಂಡದ ಮಾರಯ್ಯ ಸಿಕ್ಕಿದ್ದರು! "ಆಂಟಿ, ಹೆಂಡ ಮಾರೋರೂ ಶರಣರಾ?" ಹೌದಪ್ಪ. ಅಷ್ಟರಲ್ಲಿ ಇನ್ನೊಂದು ಗುಂಪಿಗೆ ಕನ್ನದ ಮಾರಿತಂದೆ ಸಿಕ್ಕರು. ಕನ್ನ ಅಂದರೇನು ಅಂತ ಅರ್ಧ ಜನಕ್ಕೆ ಗೊತ್ತಿಲ್ಲ. ಪೇಪರಿನಲ್ಲಿ "ಬ್ಯಾಂಕ್ ಖಾತೆಗೆ ಕನ್ನ" ಅಂತ ಬರುತ್ತಲ್ಲ ಅಂದೆ. "ಹ್ಯಾಕರ್ರಾ!" ಅಂದ ಅದೇ ಹಿಂದಿನ ಸಾಲಿನವ. ಗೋಡೆಗೆ ಕನ್ನ ಕೊರೆಯುತ್ತಿದ್ದ ಕಳ್ಳ ಶರಣನಾದ ಅಂತ ಹೇಳಿದಾಗ ಮೊದಲ ಸಲ ನನ್ನ ಮಾತನ್ನು ಯಾರೋ ಕೇಳುತ್ತಿದ್ದಾರೆ ಅನ್ನಿಸಿತು. ಅಂಬಿಗರ ಚೌಡಯ್ಯ ದೇವರ ಹೆಸರಿನ ಬದಲು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡದ್ದು ನೋಡಿ, ರ್‍ಯಾಪ್ ಹಾಡುವವರು ಹಾಡಿನಲ್ಲಿ ತಮ್ಮ ಹೆಸರು ಹೇಳಿಕೊಳ್ಳುವ ಹಾಗೇ ಇದೆ ಅಂದಳು ಒಬ್ಬಳು. ನನಗೆ ಹೊಳೆಯದ ಹೋಲಿಕೆ.

ಆಯ್ದಕ್ಕಿ ಲಕ್ಕಮ್ಮನ ಹತ್ತಿರ ಬಂದಾಗ ಜಗಳವೇ ಆಯಿತು. ಗಂಡ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದಾಗ, ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ, ವಾಪಸ್ ಸುರಿದು ಬನ್ನಿ ಅಂದಳು ಲಕ್ಕಮ್ಮ. ಬಿದ್ದದ್ದು ತಾನೆ, ತಂದರೆ ಏನು ತಪ್ಪು ಅಂತ ಒಂದು ಪಕ್ಷ. ಮದುವೆ ಊಟದಲ್ಲಿ ಪುಕ್ಕಟೆ ಅಂತ ಆರು ಜಾಮೂನು ಹಾಕಿಕೊಂಡು ನಾಲ್ಕು ಬಿಡ್ತೀಯಲ್ಲ, ಅದೇ ತಪ್ಪು ಅಂತ ಇನ್ನೊಂದು ಪಕ್ಷ. ಕೈಪಿಡಿ ನೋಡಿ ಹೇಳಿದ್ದರೆ "ಅತಿ ಆಸೆ ಬೇಡ" ಅಂತ ಒಂದು ಸಾಲು ಬರೆಸಿ ಮುಂದಕ್ಕೆ ಹೋಗುತ್ತಿದ್ದೆ.

ವಚನ ಸಂಚಯ ಬಳಸುವವರಿಗೆ ಒಂದೆರಡು ಮಾತು. ಇದು ಹುಡುಕುವ ಜಾಗ, ಅರ್ಥ ನೀವೇ ಓದಿಕೊಂಡು ಹೋಗಬೇಕು. ನಾನು ಶನಿವಾರ ರಾತ್ರಿ ಅಪ್ಪನ ಹಳೇ ಪುಸ್ತಕ ಹಿಡಿದು ಕೂರುತ್ತೇನೆ. ಹುಡುಕುವಾಗ ಈಗಿನ ಕನ್ನಡದಲ್ಲಿ ಟೈಪ್ ಮಾಡಿದ್ದು ಸಿಗಲಿಲ್ಲ ಅಂತ ಬೇಜಾರಾಗಬೇಡಿ. ವಚನದಲ್ಲಿ ಹೆಚ್ಚಾಗಿ "ಮಾಡಿದರೆ" ಇರುವುದಿಲ್ಲ, "ಮಾಡಿದಡೆ" ಇರುತ್ತದೆ. ನಮ್ಮ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ, ಅಕ್ಷರ ಕೂಡಿಸಿ ಓದುವವರೂ ಇದ್ದಾರೆ, ಅವರಿಗೆ ಚಿಕ್ಕ ವಚನವೇ ಕೊಡಿ. ಇನ್ನು ಫೋನ್ ಕೈಗೆ ಕೊಟ್ಟ ಮೇಲೆ ಇನ್‌ಸ್ಟಾಗ್ರಾಂ ಬರದೇ ಇರುತ್ತದಾ? ಫೋನು ಜಮಖಾನೆ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇರಬೇಕು ಅಂತ ನಿಯಮ ಮಾಡಿದೆ. ಅರ್ಧ ಕೆಲಸ ಮಾಡುತ್ತದೆ.

ವಚನ ಸಂಚಯಕ್ಕೆ ನನ್ನ ಕಡೆಯಿಂದ ಐದಕ್ಕೆ ಐದು. ಕಿಟ್ಟಿಗೆ ಒಂದೂವರೆ. ಆ ಅರ್ಧ ಯಾಕೆ ಅಂದರೆ ಚಾರ್ಟಿನ ಕಾಗದ ಗಟ್ಟಿಯಾಗಿದೆ, ಹಿಂಬದಿ ಪೂರ್ತಿ ಖಾಲಿ. ಮಕ್ಕಳು ತಾವು ಹುಡುಕಿದ ವಚನಗಳನ್ನು ಈಗ ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದಾರೆ. ಎಂಟು ಮುಗಿದಿವೆ, ಇನ್ನೂ ಎರಡು ಬಾಕಿ ಇವೆ.